ಪಕ್ಕದ ಮನೆಯವರಿಗೆ ಬಂದ ಕರೆ

ಆರು ವರ್ಷದ ಹಿಂದೆ ದಾವಣಗೆರೆಯಲ್ಲಿ ಅಪ್ಪನಿಗೆ ಆಪರೇಷನ್ ಆಯಿತು. ಎರಡು ಬಾಟಲಿ ರಕ್ತ ಬೇಕು ಅಂದರು. ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಫೋನ್ ಹಿಡಿದು ಒದ್ದಾಡುತ್ತಿದ್ದೆ. ಒಂದು ಗಂಟೆಯೊಳಗೆ ಆಸ್ಪತ್ರೆ ಮುಂದೆ ಏಳು ಜನ ನಿಂತಿದ್ದರು. ತಮ್ಮನ ಗೆಳೆಯರು, ಎದುರು ಮನೆಯ ಹುಡುಗ, ನಮ್ಮ ಬೀದಿಯ ಆಟೋದವರು. ಹಿಂದಿನ ಮನೆಯ ಅಕ್ಕ ಐದು ದಿನ ಬುತ್ತಿ ಕಳಿಸಿದರು. ಯಾರಿಗೂ ಎರಡನೇ ಸಲ ಹೇಳಬೇಕಾಗಲಿಲ್ಲ. ಆ ಋಣ ನನ್ನ ಮೇಲೆ ಇನ್ನೂ ಇದೆ.

ಇಲ್ಲಿ ನನ್ನ ಪಕ್ಕದ ಮನೆಯವರು ಮಾತು ಕಡಿಮೆ. ಮೆಟ್ಟಿಲಲ್ಲಿ ಸಿಕ್ಕರೆ ಒಂದು ನಮಸ್ಕಾರ, ಅಷ್ಟೇ. ಒಂದು ಚಳಿಗಾಲದ ಬೆಳಿಗ್ಗೆ ಇಬ್ಬರೂ ಬಾಗಿಲ ಮುಂದಿನ ಹಿಮ ತೆಗೆಯುತ್ತಿದ್ದಾಗ, ತಾವು ಒಮ್ಮೆ ಸ್ಟೆಮ್ ಸೆಲ್, ಅಂದರೆ ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಜೀವಕೋಶ, ಕೊಟ್ಟಿದ್ದನ್ನು ಹೇಳಿದರು. "ಯಾರಿಗೆ?" ಅಂತ ಕೇಳಿದೆ. "ಅಮೆರಿಕದ ಒಬ್ಬ ಹೆಂಗಸಿಗೆ. ಕರೆ ಬಂತು, ಹೋದೆ" ಅಂದರು. ಮತ್ತೆ ಹಿಮ ತೆಗೆಯತೊಡಗಿದರು.

ಆ ಮಾತು ಬಹಳ ದಿನ ತಲೆಯಲ್ಲಿ ಉಳಿಯಿತು. ನಾವು ಸಹಾಯ ಮಾಡೋಕೆ ಹಿಂದೆ ಮುಂದೆ ನೋಡುವವರಲ್ಲ. ಆದರೆ ನಮಗೆ ಒಂದು ಮುಖ ಬೇಕು. ಗೊತ್ತಿರುವವರ ಅಪ್ಪ, ಗೆಳೆಯನ ತಂಗಿ, ನಮ್ಮೂರ ಹುಡುಗ. ಇಲ್ಲಿಯವರಿಗೆ ಆ ಮುಖ ಕಾಣದಿದ್ದರೂ ನಡೆಯುತ್ತದೆ. ಇನ್ನೂ ಕಾಯಿಲೆ ಬೀಳದವನಿಗಾಗಿ ಇವತ್ತೇ ದಾನಿಗಳ ಪಟ್ಟಿಯಲ್ಲಿ ಹೆಸರು ಬರೆಸಿಡುತ್ತಾರೆ.

ರಕ್ತದ ಕ್ಯಾನ್ಸರ್ ಅಥವಾ ಥಲಸ್ಸೇಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವ ಅನೇಕರಿಗೆ ಬೇರೆಯವರ ಸ್ಟೆಮ್ ಸೆಲ್ ಬೇಕಾಗುತ್ತದೆ. ಅದಕ್ಕೆ ರಕ್ತದ ಗುಂಪು ಕೂಡಿದರೆ ಸಾಲದು, ಜೀವಕೋಶಗಳ ಮೇಲಿರುವ ಎಚ್‌ಎಲ್‌ಎ ಎಂಬ ಗುರುತುಗಳು ಹೊಂದಬೇಕು. ಒಡಹುಟ್ಟಿದ ಒಬ್ಬರದು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಮನೆಗೆ ಒಂದು, ಎರಡು ಮಕ್ಕಳಿರುವ ಕಾಲ ಇದು. ಅರ್ಧ ಹೊಂದುವ ಅಪ್ಪ ಅಮ್ಮನಿಂದಲೂ ಈಗ ಕಸಿ ಮಾಡುತ್ತಾರೆ, ನಿಜ. ಆದರೂ ಪೂರ್ತಿ ಹೊಂದುವ ಹೊರಗಿನವರನ್ನು ಹುಡುಕಬೇಕಾದವರು ಬಹಳ ಜನ. ಈ ಗುರುತುಗಳು ವಂಶದಿಂದ ಬರುವಂಥವು. ಹಾಗಾಗಿ ಹಾವೇರಿಯ ಒಂದು ಮಗುವಿಗೆ ಹೊಂದುವವರು ಜರ್ಮನ್ನರಲ್ಲಿ ಸಿಗುವುದು ಬಹಳ ಕಷ್ಟ. ನಮ್ಮ ಜನರಲ್ಲೇ ಸಿಗಬೇಕು.

ನಮ್ಮವರೋ ಪಟ್ಟಿಯಲ್ಲಿ ಇಲ್ಲ. 8 ಕೋಟಿ ದಾಟಿದ ಜರ್ಮನಿಯಲ್ಲಿ ಸುಮಾರು 1 ಕೋಟಿ ಜನ ಹೆಸರು ಬರೆಸಿದ್ದಾರೆ. 140 ಕೋಟಿಯ ಭಾರತದಲ್ಲಿ ಬರೆಸಿದವರು ಕೆಲವೇ ಲಕ್ಷ. ಜರ್ಮನ್ನರೂ ಮೊದಲಿನಿಂದ ಹೀಗಿರಲಿಲ್ಲ. 1991ರಲ್ಲಿ ಇಡೀ ಜರ್ಮನಿಯಲ್ಲಿ ಹೀಗೆ ಬರೆಸಿದ್ದವರು ಸುಮಾರು 3,000 ಮಂದಿ. ಆ ವರ್ಷ ಪೀಟರ್ ಹಾರ್ಫ್ ಎಂಬವರ ಹೆಂಡತಿ ಮೆಖ್ಟಿಲ್ಡ್ ಅವರಿಗೆ ರಕ್ತದ ಕ್ಯಾನ್ಸರ್ ಇತ್ತು. ಹೊಂದುವವರು ಬೇಕಿತ್ತು. ಅವರಿಗಾಗಿ ನಮ್ಮ ಸ್ಟುಟ್‌ಗಾರ್ಟ್ ಪಕ್ಕದ ಟ್ಯೂಬಿಂಗನ್‌ನಲ್ಲಿ ದಾನಿಗಳ ಪಟ್ಟಿ ಮಾಡುವ ಡಿಕೆಎಂಎಸ್ ಎಂಬ ಸಂಸ್ಥೆ ಶುರುವಾಯಿತು. ಮೆಖ್ಟಿಲ್ಡ್ ಅದೇ ವರ್ಷ ತೀರಿಕೊಂಡರು. ಪಟ್ಟಿ ಮಾತ್ರ ನಿಲ್ಲಲಿಲ್ಲ. ಅವರೂ ಒಂದು ಮುಖದಿಂದಲೇ ಶುರು ಮಾಡಿದ್ದು, ಅಲ್ವಾ? ಆ ಮುಖ ಮರೆಯಾದ ಮೇಲೂ ಮುಂದುವರಿಸಿದರು. ನಾವು ಕಲಿಯಬೇಕಾದ್ದು ಅದನ್ನೇ.

ನಾನು ಹೆಸರು ಬರೆಸಿದ್ದು ಒಂದು ಭಾನುವಾರ, ಇಲ್ಲಿನ ಒಂದು ಹಳ್ಳಿಯ ಆಟದ ಸಭಾಂಗಣದಲ್ಲಿ. ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಆಡಿಸಿದೆ. ಐದು ನಿಮಿಷ ಹಿಡಿಯಲಿಲ್ಲ. ಊರಿನ ಹೆಂಗಸರು ಮನೆಯಲ್ಲೇ ಕೇಕ್ ಮಾಡಿ ತಂದು ಮಾರುತ್ತಿದ್ದರು, ಆ ದುಡ್ಡು ಲ್ಯಾಬಿನ ಖರ್ಚಿಗೆ.

ಅಮ್ಮನಿಗೆ ಹೇಳಿದಾಗ ಗಾಬರಿಯಾದರು. "ಮೂಳೆ ಕೊರೀತಾರಂತಲ್ಲೋ? ನಿನಗೇನಾದ್ರೂ ಆದ್ರೆ?" ಅಂದರು. ಅವರನ್ನು ತಪ್ಪು ಅನ್ನಲಾರೆ. ಹತ್ತರಲ್ಲಿ ಒಂಬತ್ತು ಸಲ ಮೂಳೆಯ ತಂಟೆಗೇ ಹೋಗುವುದಿಲ್ಲ ಅಂತ ಬಿಡಿಸಿ ಹೇಳಿದೆ. ಕೆಲವು ದಿನ ಇಂಜೆಕ್ಷನ್. ಮೈಕೈ ನೋವು, ತಲೆನೋವು ಬರುತ್ತದೆ, ಹೋಗುತ್ತದೆ. ಆಮೇಲೆ ಒಂದು ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಸೆಲ್ ಬೇರೆ ಮಾಡಿ, ಉಳಿದದ್ದನ್ನು ವಾಪಸ್ ಮೈಗೆ ಬಿಡುತ್ತಾರೆ. ನಾಲ್ಕೈದು ಗಂಟೆಯ ಕೆಲಸ. ಆ ಸೆಲ್‌ಗಳ ಪೆಟ್ಟಿಗೆಯನ್ನು ಒಬ್ಬರು ಕೈಯಲ್ಲೇ ಹಿಡಿದುಕೊಂಡು ವಿಮಾನ ಹತ್ತುತ್ತಾರೆ.

ನನ್ನನ್ನು ಜಾಸ್ತಿ ಕಾಡುವುದು ಬೇರೆ ವಿಷಯ. ನಮ್ಮಲ್ಲಿ ಹೆಸರು ಬರೆಸಿದವರೂ ಕರೆ ಬಂದಾಗ ಹಿಂದೆ ಸರಿಯುವುದುಂಟು. ಮನೆಯವರು ಬೇಡ ಅನ್ನುತ್ತಾರೆ. ಹೆಣ್ಣುಮಕ್ಕಳಾದರೆ ಮದುವೆಯ ಮಾತು ಬರುತ್ತದೆ. ಆದರೆ ಕಸಿಗೆ ಮುಂಚೆ ರೋಗಿಯ ಸ್ವಂತ ಮಜ್ಜೆಯನ್ನು ಔಷಧಿ ಕೊಟ್ಟು ನಾಶ ಮಾಡುತ್ತಾರೆ. ಆ ಹೊತ್ತಿನಲ್ಲಿ ಒಪ್ಪಿದವನು ಒಲ್ಲೆ ಅಂದರೆ, ಆ ಜೀವ ಉಳಿಯುವುದೇ ಕಷ್ಟ. ಅದಕ್ಕೇ ಹೇಳುತ್ತೇನೆ, ಮನಸ್ಸು ಗಟ್ಟಿ ಇಲ್ಲದಿದ್ದರೆ ಸುಮ್ನೆ ಬರೆಸಬೇಡಿ. ಮೊದಲು ಮನೆಯಲ್ಲಿ ಕೂತು ಮಾತಾಡಿ.

ಹೊರಗಿರುವ ನಮ್ಮ ಪಾಲು ಇಲ್ಲೇ ಬರುತ್ತದೆ. ಯಾವ ದೇಶದಲ್ಲಿ ಬರೆಸಿದರೂ ಹುಡುಕಾಟ ಜಗತ್ತಿಗೆಲ್ಲ ಒಂದೇ. ಮ್ಯೂನಿಕ್‌ನಲ್ಲಿರುವ ಕನ್ನಡಿಗನ ಗುರುತು ಬೆಂಗಳೂರಿನ ವೈದ್ಯರ ಹುಡುಕಾಟದಲ್ಲಿ ಸಿಗಬಹುದು. ಊರಲ್ಲಿರುವವರಿಗೂ ದೂರವಿಲ್ಲ, ಈ ಡಿಕೆಎಂಎಸ್ ಬೆಂಗಳೂರಿನಲ್ಲೂ ಪಟ್ಟಿ ಮಾಡುತ್ತಿದೆ. ಚೆನ್ನೈನಲ್ಲಿ ದಾತ್ರಿ ಎಂಬ ಇಂಥದ್ದೇ ಸಂಸ್ಥೆ ಇದೆ. ಇಲ್ಲಿ ನಮ್ಮ ಯುಗಾದಿ, ರಾಜ್ಯೋತ್ಸವಕ್ಕೆ ನೂರಾರು ಜನ ಸೇರುತ್ತೇವಲ್ಲ, ಊಟದ ಸಾಲಿನ ಪಕ್ಕ ಹೆಸರು ಬರೆಸಲು ಒಂದು ಮೇಜು ಹಾಕೋಣ ಅಂತ ನಡೆಸುವವರನ್ನು ಈ ಸಲ ಕೇಳಿದ್ದೇನೆ. ಒಪ್ಪಿದ್ದಾರೆ.

ತಮ್ಮ ಬೆಂಗಳೂರಿನಲ್ಲಿ ಹೆಸರು ಬರೆಸಿದ. ಅಪ್ಪನಿಗೆ ರಕ್ತ ಕೊಟ್ಟ ಅವನ ಇಬ್ಬರು ಗೆಳೆಯರೂ ಬರೆಸಿದರು. ನನಗೆ ಇನ್ನೂ ಕರೆ ಬಂದಿಲ್ಲ. ಹೋದ ತಿಂಗಳು ಮನೆ ಬದಲಿಸಿದೆ. ಬ್ಯಾಂಕಿಗಿಂತ ಮೊದಲು ದಾನಿಗಳ ಪಟ್ಟಿಯವರಿಗೆ ಹೊಸ ವಿಳಾಸ ಕಳಿಸಿದೆ.