ಹಸಿವಿಗೂ ಇಎಂಐ

ಹಿಂದೆ ಬಡವರ ಪಾಲಿಗೆ ಪುಕ್ಕಟೆಯಾಗಿ ಬರುತ್ತಿದ್ದ ಹಸಿವನ್ನು ಈಗ ಉಳ್ಳವರು ದುಡ್ಡು ಕೊಟ್ಟು ಕೊಳ್ಳುತ್ತಿದ್ದಾರೆ. ಅದೂ ಕಂತಿನಲ್ಲಿ. ‘30 ದಿನದಲ್ಲಿ 10 ಕೆಜಿ ಇಳಿಸಿ’ ಎಂಬ ಜಾಹೀರಾತು ಒತ್ತಿದರೆ ಸಾಕು, ವಾಟ್ಸ್‌ಆ್ಯಪ್‌ಗೆ 1200 ಕ್ಯಾಲೊರಿಯ ಚಾರ್ಟು ಬಂದು ಬೀಳುತ್ತದೆ. ಬೆಳಿಗ್ಗೆ ಜೀರಿಗೆ ನೀರು. ಮಧ್ಯಾಹ್ನ ಫುಲ್ಕಾ, ಸೌತೆಕಾಯಿ. ಸಂಜೆ ಐದು ಬಾದಾಮಿ. ಐದು ಅಂದ್ರೆ ಐದೇ. ಆರನೆಯದಕ್ಕೆ ಕೈ ಹಾಕಿದವರ ಮರ್ಯಾದೆಯನ್ನು ಕೋಚ್ ಮೇಡಂ ಗ್ರೂಪಿನಲ್ಲೇ ತೆಗೆಯುತ್ತಾರೆ.

ಈ ವ್ಯಾಪಾರದ ಮೂಲಪುರುಷರಿಗೆ ಪಾಪ, ಬಿಲ್ ಹಾಕುವುದು ಗೊತ್ತಿರಲಿಲ್ಲ. 1944ರ ಕೊನೆಗೆ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಟ್ಟಿಮುಟ್ಟು ಯುವಕರನ್ನು ಸೇರಿಸಿಕೊಂಡರು. ಬಂದೂಕು ಹಿಡಿಯಲ್ಲ ಎಂದು ಯುದ್ಧಕ್ಕೆ ಹೋಗದೆ ಉಳಿದವರು ಅವರು. ಯುದ್ಧದಿಂದ ಹಸಿದು ಕಂಗಾಲಾದ ಜನರನ್ನು ಮತ್ತೆ ಚೇತರಿಸುವುದು ಹೇಗೆ ಅಂತ ತಿಳಿಯಬೇಕಿತ್ತು. ಅದಕ್ಕೆ ಆರು ತಿಂಗಳು ಆಲೂಗಡ್ಡೆ, ಬ್ರೆಡ್ಡು, ಮ್ಯಾಕರೋನಿ ಕೊಟ್ಟು, ವಾರಕ್ಕೆ 35 ಕಿಲೋಮೀಟರ್ ನಡೆಸಿ, ಅರೆಹೊಟ್ಟೆಯಲ್ಲಿ ಇಟ್ಟರು. ಅರೆಹೊಟ್ಟೆ ಅಂದರೆ ದಿನಕ್ಕೆ ಸುಮಾರು 1600 ಕ್ಯಾಲೊರಿ.

ಹೌದು, 1600. ಅಷ್ಟು ಕೊಟ್ಟು ಅವರು ಬರಗಾಲದ ಅಧ್ಯಯನ ಮಾಡಿದರು. ನಮ್ಮವರು 1200 ಕೊಟ್ಟು ಗುಡ್ ಮಾರ್ನಿಂಗ್ ಮೆಸೇಜು ಕಳಿಸುತ್ತಾರೆ. (ಕೂತು ಕೆಲಸ ಮಾಡುವ ಹೆಂಗಸಿಗೇ ದಿನಕ್ಕೆ 1660 ಕ್ಯಾಲೊರಿ ಬೇಕು ಎನ್ನುತ್ತದೆ ನಮ್ಮ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಅದಕ್ಕೇನು ಗೊತ್ತು, ಅದರ ಹತ್ತಿರ ರೀಲ್ಸ್ ಇದೆಯಾ?)

ಆ ಹುಡುಗರ ತೂಕ ಕಾಲು ಭಾಗ ಇಳಿಯಿತು. ಸುಮ್ನೆ ಮಲಗಿದ್ದಾಗ ದೇಹ ಸುಡುವ ಶಕ್ತಿ ಸುಮಾರು ಶೇ 40ರಷ್ಟು ಕುಸಿಯಿತು. ಬೇಸಿಗೆಯಲ್ಲೂ ಚಳಿ. ತಟ್ಟೆ ನೆಕ್ಕಿದರು, ಅಡುಗೆ ಪುಸ್ತಕ ಓದುತ್ತಾ ಕೂತರು. ಈಗ ನಾವು ಓಟ್ಸ್ ಗಂಜಿ ಕುಡಿಯುತ್ತಾ ಬಿರಿಯಾನಿ ವಿಡಿಯೋ ನೋಡುವುದಿಲ್ವಾ, ಹಾಗೆ.

ದೇಹಕ್ಕೆ ರಿಸೆಪ್ಷನ್ನು, ಲೆಹಂಗಾ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬರ ಒಂದೇ. ಬರ ಘೋಷಿಸಲು ಅದು ಕೇಂದ್ರ ಅಧ್ಯಯನ ತಂಡ ಬರಲಿ ಅಂತ ಕಾಯುವುದೂ ಇಲ್ಲ. ಕೊಬ್ಬು ಕರಗಿದಂತೆ, ಹೊಟ್ಟೆ ತುಂಬಿದೆ ಸಾಕು ಎನ್ನುವ ಲೆಪ್ಟಿನ್ ಹಾರ್ಮೋನು ಇಳಿಯುತ್ತದೆ, ಹಸಿವು ಏರುತ್ತದೆ. ಥೈರಾಯ್ಡಿನ ಚುರುಕು ಕಮ್ಮಿಯಾಗುತ್ತದೆ. ನಮಗೇ ಗೊತ್ತಾಗದಂತೆ ಓಡಾಟ, ಕೈಕಾಲು ಆಡಿಸುವುದೂ ನಿಲ್ಲುತ್ತದೆ. ಸಣ್ಣಗಾದ ದೇಹಕ್ಕೆ ಖರ್ಚು ಕಮ್ಮಿ ಆಗುವುದು ನ್ಯಾಯವೇ. ಆದರೆ ಅದು ಲೆಕ್ಕಕ್ಕಿಂತ ಜಾಸ್ತಿಯೇ ಕತ್ತರಿ ಹಾಕುತ್ತದೆ.

ಎಷ್ಟು ದಿನ? ಅಮೆರಿಕದ ಟಿವಿಯವರು ‘ದಿ ಬಿಗ್ಗೆಸ್ಟ್ ಲೂಸರ್’ ಅಂತ ತೂಕ ಇಳಿಸುವುದನ್ನೇ ಪಂದ್ಯ ಮಾಡಿದರು. ಚಪ್ಪಾಳೆ, ಕಣ್ಣೀರು, ಬಹುಮಾನ, ಎಲ್ಲ ಇತ್ತು. ಕ್ಯಾಮೆರಾ ಹೋದ ಆರು ವರ್ಷಕ್ಕೆ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ತಂಡ 14 ಸ್ಪರ್ಧಿಗಳನ್ನು ಕರೆದು ಅಳೆಯಿತು. ಆ ವರದಿ ಬಂದದ್ದು 2016ರಲ್ಲಿ. 13 ಮಂದಿಗೆ ತೂಕ ಮರಳಿತ್ತು. ನಾಲ್ವರಿಗಂತೂ ಮೊದಲಿಗಿಂತ ಜಾಸ್ತಿ. ಅಷ್ಟಾದರೂ ಅವರ ದೇಹಗಳು ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿದ್ದವು. ಬರ ಮುಗಿದು ಆರು ವರ್ಷವಾದರೂ ಉಳಿತಾಯದ ಆದೇಶ ವಾಪಸಾಗಿರಲಿಲ್ಲ.

ವೈದ್ಯರು ಕಣ್ಣಿಟ್ಟು, ರಕ್ತಪರೀಕ್ಷೆ ಮಾಡಿಸಿ ಕೊಡುವ ಕಡಿಮೆ ಕ್ಯಾಲೊರಿ ಆಹಾರದ ಮಾತೇ ಬೇರೆ. ಅದರಲ್ಲಿ ಲಾಭ ಪಡೆದ ಮಧುಮೇಹಿಗಳಿದ್ದಾರೆ. ಆದರೆ ಅಲ್ಲಿ ಡಿಸ್ಕೌಂಟ್ ಕೂಪನ್ ಸಿಗಲ್ಲ.

ಕೋಚ್ ಮೇಡಂ ಹತ್ತಿರ ಸಿಗುತ್ತದೆ. ತೂಕ ವಾಪಸ್ ಬಂತು ಎಂದು ಅಳುತ್ತಾ ಹೋದವರಿಗೆ ಅವರು ಬೈಯುವುದಿಲ್ಲ. ‘ನಿಮ್ಮ ಮೆಟಬಾಲಿಸಂ ಸ್ಲೋ ಇದೆ ಡಿಯರ್’ ಎಂದು ಸಮಾಧಾನ ಮಾಡುತ್ತಾರೆ. ದೇಹ ಶಕ್ತಿ ಸುಡುವ ಆ ವೇಗವನ್ನು ಸ್ಲೋ ಮಾಡಿದ್ದು ಯಾರು ಎಂಬ ಪ್ರಶ್ನೆ ಚಾರ್ಟಿನಲ್ಲಿಲ್ಲ. ಬದಲಿಗೆ ಬೂಸ್ಟರ್ ಪುಡಿ ಇದೆ, ಡಬ್ಬಿಗೆ ಮೂರು ಸಾವಿರ. ಜೊತೆಗೆ ಹೊಸ ಪ್ಯಾಕೇಜು. ಈ ಸಲ 1000 ಕ್ಯಾಲೊರಿ, ಬಾದಾಮಿ ನಾಲ್ಕು. ಹಳೇ ಗಿರಾಕಿ ಅಂತ ಮೊದಲ ಕಂತಿನಲ್ಲಿ ರಿಯಾಯಿತಿ ಬೇರೆ.