ಡಾಂಬರು ಕಾಣದ ರಸ್ತೆಯ ಭಾಗ್ಯೋದಯ

ನಮ್ಮೂರಿಗೆ ಹೋಗುವ ನಾಲ್ಕೂವರೆ ಕಿಲೋಮೀಟರ್ ರಸ್ತೆಯನ್ನು ನಾನು ಇಷ್ಟು ವರ್ಷ ತಪ್ಪಾಗಿ ಅರ್ಥ ಮಾಡಿಕೊಂಡಿದ್ದೆನೆಂಬುದು ಕಳೆದ ಚಳಿಗಾಲದಲ್ಲಷ್ಟೇ ತಿಳಿಯಿತು. ಚಿಕ್ಕಮಗಳೂರಿನ ಬೆಟ್ಟಸಾಲಿನ ಹಿಂಬದಿಯಲ್ಲಿ, ಒಂದು ಮಗ್ಗುಲಿಗೆ ಕಾಡನ್ನೂ ಇನ್ನೊಂದು ಮಗ್ಗುಲಿಗೆ ಕಾಫಿ ತೋಟವನ್ನೂ ಇಟ್ಟುಕೊಂಡು ಏರುವ ಈ ದಾರಿಗೆ ಯಾವುದೋ ಚುನಾವಣೆಯ ಮುನ್ನ ಜಲ್ಲಿ ಸುರಿದಿದ್ದರು. ಚುನಾವಣೆ ಮುಗಿದುಹೋದದ್ದರಿಂದ ಡಾಂಬರು ಬರಲಿಲ್ಲ. ಊರಿನ ಪರವಾಗಿ ಮನವಿ ಬರೆಯುವ ಹೊಣೆ ನಿವೃತ್ತ ಮೇಷ್ಟರಾದ ನನ್ನ ಮೇಲಿರುವುದರಿಂದ, ‘ಸದರಿ ರಸ್ತೆಯು ತೀರಾ ಹದಗೆಟ್ಟಿದ್ದು’ ಎಂಬ ವಾಕ್ಯವನ್ನು ನಾನು ನಿದ್ದೆಯಲ್ಲಿಯೂ ಬರೆಯಬಲ್ಲೆ. ಹೀಗಿರುವಾಗ, ಬೆಂಗಳೂರಿನಿಂದ ಬಂದ ಯುವಕನೊಬ್ಬ ಆ ರಸ್ತೆಯ ನಡುವೆ ಕುಕ್ಕರುಗಾಲಿನಲ್ಲಿ ಕುಳಿತು, ಒಂದು ಜಲ್ಲಿ ಕಲ್ಲನ್ನು ಅಕ್ಕಸಾಲಿ ಹರಳು ನೋಡುವಂತೆ ಬೆಳಕಿಗೆ ಹಿಡಿದು, ‘ಅಂಕಲ್, ಇಂಥ ಗ್ರಾವೆಲ್ ಸಿಗೋದಕ್ಕೆ ಪುಣ್ಯ ಮಾಡಿರಬೇಕು’ ಎಂದಾಗ, ಆ ಪುಣ್ಯದಲ್ಲಿ ಗುತ್ತಿಗೆದಾರನ ಪಾಲೆಷ್ಟು ಎಂದು ಯೋಚಿಸುತ್ತ ನಿಂತೆ.

ಗ್ರಾವೆಲ್ ಬೈಕಿಂಗ್ ಎಂದರೆ, ಆತ ವಿವರಿಸಿದ ಪ್ರಕಾರ, ವಾಹನ ಸಂಚಾರವಿಲ್ಲದ ಕಾಡುದಾರಿಗಳಲ್ಲಿ ಮಣ್ಣು ಮತ್ತು ಜಲ್ಲಿಯ ಮೇಲೆ ಸೈಕಲ್ ತುಳಿಯುವ ಕ್ರೀಡೆ. ಸೈಕಲ್ಲಿನ ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿರುತ್ತದೆ. ಟೈರು 40 ಮಿಲಿಮೀಟರಿನಷ್ಟು ಅಗಲವಿದ್ದು, ಒಳಗೆ ಟ್ಯೂಬಿನ ಬದಲು ಹಾಲಿನಂಥ ಒಂದು ದ್ರವವಿರುತ್ತದೆ. ಮುಳ್ಳು ಚುಚ್ಚಿದರೆ ಅದೇ ಹರಿದುಬಂದು ತೂತನ್ನು ಮುಚ್ಚುತ್ತದೆ. ರಸ್ತೆಯ ಗುಂಡಿಗೂ ಅಂಥ ದ್ರವವೇನಾದರೂ ಬಂದಿದೆಯೇ ಎಂದು ನಾನು ಆಸೆಯಿಂದ ಕೇಳಿದೆ. ಆತ ಅದನ್ನು ಹಾಸ್ಯವೆಂದು ತಿಳಿದು ನಕ್ಕ. ನಮ್ಮ ರಸ್ತೆಗೆ ಸುರಿದಿರುವುದೂ 40 ಎಂ.ಎಂ. ಜಲ್ಲಿಯೇ ಆದ್ದರಿಂದ ಜಾತಕ ಕೂಡಿಬಂದಿದೆಯೆಂದೇ ಹೇಳಬೇಕು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಎಂಬ ಊರಿನಲ್ಲಿ ಇಂಥ ರಸ್ತೆಗಳ ಮೇಲೆ 200 ಮೈಲಿಯ ಪಂದ್ಯ 2006ರಲ್ಲೇ ಆರಂಭವಾಯಿತೆಂದೂ, 2022ರಲ್ಲಿ ಇಟಲಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತೆಂದೂ ಆತ ಹೇಳಿದ. ಅಲ್ಲಿ ರೈತರು ಓಡಾಡುವ ಜಲ್ಲಿ ರಸ್ತೆಗಳನ್ನು ಯಂತ್ರ ಓಡಿಸಿ ಸಮತಟ್ಟು ಮಾಡುತ್ತಾರೆ. ನಮ್ಮಲ್ಲಿ ಆ ಕೆಲಸವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ತನ್ನ ಅಭಿರುಚಿಗೆ ತಕ್ಕಂತೆ ಮಾಡಿಕೊಡುತ್ತದೆ.

2006 ಎಂದ ಕೂಡಲೇ ನನಗೆ ಬೇರೆಯದೇ ನೆನಪಾಯಿತು. ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ತೊಡಗಿದ್ದು 2006–07ರಲ್ಲಿ. ನನ್ನ ಶಾಲೆಯ ಹುಡುಗಿಯರು ಆ ಕಬ್ಬಿಣದ ಸೈಕಲ್ಲುಗಳ ಕ್ಯಾರಿಯರಿಗೆ ಪುಸ್ತಕದ ಚೀಲ ಬಿಗಿದು, ಏರಿನಲ್ಲಿ ತಳ್ಳಿಕೊಂಡು, ಇಳಿಜಾರಿನಲ್ಲಿ ಬ್ರೇಕನ್ನೂ ದೇವರನ್ನೂ ಒಟ್ಟಿಗೇ ನಂಬಿಕೊಂಡು, ಇದೇ ಜಲ್ಲಿಯ ಮೇಲೆ ಮಳೆಗಾಲವಿಡೀ ಶಾಲೆಗೆ ಬರುತ್ತಿದ್ದರು. ಅವರ ಮೊಣಕಾಲಿಗೆ ಟಿಂಚರ್ ಹಚ್ಚುವುದು ಮತ್ತು ಕಾಲಿಗೆ ಕಚ್ಚಿದ ಇಂಬಳಗಳಿಗೆ ಉಪ್ಪು ಮುಟ್ಟಿಸುವುದು ಪ್ರಾರ್ಥನೆಗೆ ಮುಂಚಿನ ನನ್ನ ಕೆಲಸವಾಗಿತ್ತು. ಅದು ಕ್ರೀಡೆಯೆಂದು ಆಗ ಯಾರೂ ಹೇಳಲಿಲ್ಲ. ಹೇಳಿದ್ದರೆ ತಡವಾಗಿ ಬಂದವರನ್ನು ಬೆಂಚಿನ ಮೇಲೆ ನಿಲ್ಲಿಸುವಾಗ ಕೊರಳಿಗೊಂದು ಪದಕವನ್ನಾದರೂ ಹಾಕುತ್ತಿದ್ದೆ.

ಅದೇ ವರ್ಷದ ಅರಣ್ಯ ಹಕ್ಕು ಕಾಯ್ದೆಯ ಮೇಲೂ ನಾನು ಭರವಸೆಯಿಟ್ಟಿದ್ದೆ. ಗ್ರಾಮಸಭೆ ಶಿಫಾರಸು ಮಾಡಿದರೆ, ಶಾಲೆ, ರಸ್ತೆ ಮುಂತಾದ 13 ಬಗೆಯ ಸೌಕರ್ಯಗಳಿಗಾಗಿ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75 ಮರಗಳಿಗಿಂತ ಹೆಚ್ಚು ಕಡಿಯಬಾರದೆಂಬ ಷರತ್ತಿನ ಮೇಲೆ ಕೊಡಬಹುದೆಂದು ಅದರಲ್ಲಿದೆ. ಠರಾವಿನ ಪ್ರತಿ ಹಿಡಿದುಕೊಂಡು ಒಂದು ಕಚೇರಿಗೆ ಹೋದಾಗ, ಅಲ್ಲಿನ ಗುಮಾಸ್ತರು ಕ್ಯಾಲ್ಕುಲೇಟರ್ ಒತ್ತಿ, ನಾಲ್ಕೂವರೆ ಕಿಲೋಮೀಟರ್ ಉದ್ದವನ್ನು ಮೂರು ಮೀಟರ್ ಅಗಲದಿಂದ ಗುಣಿಸಿದರೆ 1.35 ಹೆಕ್ಟೇರ್ ಆಗುತ್ತದೆ ಎಂದು ವಿಷಾದಿಸಿದರು. ಅಗಲವನ್ನು ಎರಡು ಮೀಟರಿಗೆ ಇಳಿಸಿದರೆ 0.9 ಹೆಕ್ಟೇರಾಗಿ ಕಾನೂನಿನೊಳಗೆ ಕೂರುತ್ತದೆ, ಆದರೆ ಆಂಬುಲೆನ್ಸ್ ಒಳಗೆ ಬಂದರೂ ಅದರ ಬಾಗಿಲು ತೆರೆಯಲಾಗದು. ‘ಸೈಕಲ್ ಆದರೆ ಆರಾಮಾಗಿ ಹೋಗುತ್ತೆ’ ಎಂದು ಅವರು ಕಡತದ ದಾರ ಕಟ್ಟಿದರು. ಆ ಮಾತನ್ನು ನಾನು ಕುಹಕವೆಂದುಕೊಂಡಿದ್ದೆ, ಅದು ಭವಿಷ್ಯವಾಣಿಯಾಗಿತ್ತು.

ಕರ್ನಾಟಕದ ಅತಿ ಎತ್ತರದ ಶಿಖರವಾದ, 1,930 ಮೀಟರಿನ ಮುಳ್ಳಯ್ಯನಗಿರಿಯತ್ತ ಕಾರುಗಳು ಏರುವ ರಭಸ ತಡೆಯಲಾರದೆ 2025ರಲ್ಲಿ ಆನ್‌ಲೈನ್ ಮುಂಗಡ ನೋಂದಣಿಯನ್ನು ಕಡ್ಡಾಯ ಮಾಡಬೇಕಾಯಿತು. ಆ ಜಂಗುಳಿಯಿಂದ ತಪ್ಪಿಸಿಕೊಳ್ಳಬಯಸುವವರಿಗೆ ನಮ್ಮ ರಸ್ತೆ ‘ಸಂಪೂರ್ಣ ಸಂಚಾರಮುಕ್ತ’ವೆಂಬ ಸುದ್ದಿ ತಲುಪಿತು. ಸಂಚಾರಮುಕ್ತ ರಸ್ತೆಯನ್ನು ಅನುಭವಿಸಲು ಅಂದು 22 ಸೈಕಲ್ಲುಗಳು 14 ಕಾರುಗಳ ನೆತ್ತಿಯ ಮೇಲೂ ಬೆನ್ನಿನ ಮೇಲೂ ಸವಾರಿ ಮಾಡಿಕೊಂಡು ಬಂದವು. ಹಿಂದೆ ಬಾಳೆಹಣ್ಣು, ನೀರಿನ ಬಾಟಲಿಗಳ ಪಿಕಪ್, ಮೆಕ್ಯಾನಿಕ್‌ಗಳ ವ್ಯಾನ್; ಮೇಲೆ ಡ್ರೋನ್. ನಮ್ಮ ಕೂಡುರಸ್ತೆಯಲ್ಲಿ ಇಷ್ಟು ವಾಹನಗಳು ಒಟ್ಟಿಗೆ ನಿಂತಿದ್ದನ್ನು ನಾನು ಜಾತ್ರೆಯಲ್ಲೂ ಕಂಡಿರಲಿಲ್ಲ. ಡೇರಿಗೆ ಹಾಲು ಒಯ್ಯುವ ಜೀಪು ಹೊರಬರಲಾಗದೆ ಒಳಗೇ ಉಳಿದದ್ದರಿಂದ, ರಸ್ತೆ ನಿಜಕ್ಕೂ ಸಂಚಾರಮುಕ್ತವಾಗಿತ್ತು.

ಹೋಗುವ ಮುನ್ನ ಅವರೂ ಒಂದು ಮನವಿ ಬರೆದು ಎಲ್ಲರ ಸಹಿ ಹಾಕಿಸಿದರು: ಈ ನೈಸರ್ಗಿಕ ಪಥಕ್ಕೆ ಯಾವುದೇ ಕಾರಣಕ್ಕೂ ಡಾಂಬರು ಹಾಕಬಾರದು. ನನ್ನ ಮನವಿಗಳಿಗೆ ಈ ಮೂರು ದಶಕಗಳಲ್ಲಿ ಸ್ವೀಕೃತಿಯ ಮೊಹರಿಗಿಂತ ಹೆಚ್ಚಿನದೇನೂ ಸಿಕ್ಕಿರಲಿಲ್ಲ. ಅವರ ಮನವಿ ಕೊಟ್ಟ ದಿನವೇ ಈಡೇರಿತು, ಏಕೆಂದರೆ ಅದನ್ನು ಈಡೇರಿಸಲು ಯಾರೂ ಏನನ್ನೂ ಮಾಡಬೇಕಾಗಿರಲಿಲ್ಲ.

ಅಂದು ಬೆಳಗ್ಗೆ ನಮ್ಮ ಅಂಚೆಯಣ್ಣ ಎಂದಿನಂತೆ ತನ್ನ ಹಳೆಯ ಸೈಕಲ್ಲನ್ನು ತಳ್ಳಿಕೊಂಡು ಏರು ಹತ್ತುತ್ತಿದ್ದ. ಮಡ್ಗಾರ್ಡು ಸದ್ದು ಮಾಡಬಾರದೆಂದು ಅದಕ್ಕೆ ಆತ ಸುತ್ತಿದ್ದ ಹಗ್ಗ ಕೆಂಪು ಧೂಳಿನಲ್ಲಿ ಮಡ್ಗಾರ್ಡಿನ ಬಣ್ಣಕ್ಕೇ ತಿರುಗಿತ್ತು. ಹಳದಿ ಜಾಕೀಟಿನ ಸ್ವಯಂಸೇವಕನೊಬ್ಬ ಬಾವುಟ ಅಡ್ಡ ಹಿಡಿದು, ಎದುರಿನಿಂದ ಸವಾರರು ಬರುತ್ತಿರುವುದರಿಂದ ಸೈಕಲ್ಲುಗಳನ್ನು ಬಿಡುವಂತಿಲ್ಲ ಎಂದ. ಅಂಚೆಯಣ್ಣ ಚರಂಡಿಗೆ ಇಳಿದು, ಕಾಫಿ ಗಿಡಕ್ಕೆ ಸೈಕಲ್ ಒರಗಿಸಿ, ನನ್ನ ಪಕ್ಕದಲ್ಲಿ ನಿಂತು ಇಪ್ಪತ್ತೆರಡನ್ನೂ ಬೆರಳು ಮಡಿಸಿ ಎಣಿಸಿದ. ಧೂಳು ತುಸು ಕುಳಿತ ಮೇಲೆ ಚೀಲದಿಂದ ನನ್ನ ಪತ್ರ ಹುಡುಕುತ್ತ ಕೇಳಿದ: ‘ಇಷ್ಟೊಂದು ಜನಕ್ಕೆ ಈ ಕಾಡಲ್ಲಿ ಯಾವ ಬಟವಾಡೆ, ಮೇಷ್ಟ್ರೇ?’