ನನ್ನ ಲ್ಯಾಪ್‌ಟಾಪಿನ ಮ್ಯಾನುಯಲ್ ನನಗೇ ಕೊಡಲ್ವಂತೆ!

ಲ್ಯಾಪ್‌ಟಾಪ್ ಡಬ್ಬದೊಳಗೆ ಒಂದು ಪುಟ್ಟ ಪುಸ್ತಕ ಇಟ್ಟಿರುತ್ತಾರಲ್ಲ, ಅದನ್ನು ಯಾರಾದರೂ ಓದಿದ್ದೀರಾ? ಹತ್ತಾರು ಭಾಷೆಗಳಲ್ಲಿ ಒಂದೇ ಉಪದೇಶ. ನೀರು ತಾಗಿಸಬೇಡಿ, ಬಿಸಿಲಲ್ಲಿ ಇಡಬೇಡಿ, ಬಿಚ್ಚಬೇಡಿ. ಕೆಟ್ಟರೆ ಏನು ಮಾಡಬೇಕು ಅನ್ನೋದು ಮಾತ್ರ ಒಂದು ಸಾಲೂ ಇಲ್ಲ.

ನನ್ನದು ಮೊನ್ನೆ ಕೆಟ್ಟಿತು. ಪರದೆ ಕಪ್ಪು. ಆನ್ ಮಾಡಿದರೆ ಕಿತ್ತಳೆ ದೀಪ ಒಂದಷ್ಟು ಸಲ ಮಿಟುಕುತ್ತದೆ, ನಿಲ್ಲುತ್ತದೆ, ಮತ್ತೆ ಅಷ್ಟೇ ಸಲ ಮಿಟುಕುತ್ತದೆ. ಅಂದರೆ ಎಲ್ಲಿ ನೋಯುತ್ತಿದೆ ಅಂತ ಪಾಪ ಅದೇ ಹೇಳುತ್ತಿದೆ. ಎಷ್ಟು ಸಲ ಮಿಟುಕಿದರೆ ಯಾವ ತೊಂದರೆ ಅನ್ನುವ ಪಟ್ಟಿ, ರಿಪೇರಿಯವರಿಗಾಗಿ ಕಂಪನಿ ಬರೆದ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿದೆ. "ಸರ್, ಅದು ಆಥರೈಸ್ಡ್ ಸೆಂಟರ್‌ನವರಿಗೆ ಮಾತ್ರ." ದುಡ್ಡು ಕೊಟ್ಟವನು ನಾನು, ಮಾಲು ನನ್ನದು, ಮಾಹಿತಿ ಮಾತ್ರ ಇನ್ಯಾರಿಗೋ!

ಆ ಸೆಂಟರ್‌ಗೂ ಹೋದೆ. ಒಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡ್ ಹೋಗಿದೆ, ಹೊಸದು ಹಾಕಬೇಕು ಅಂದರು. ಹೇಳಿದ ರೇಟಿಗೆ ಇನ್ನಷ್ಟು ಸೇರಿಸಿದರೆ ಹೊಸ ಲ್ಯಾಪ್‌ಟಾಪೇ ಬರುತ್ತದೆ.

ಕೊನೆಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಾದ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯ ಹುಡುಗ ದೀಪ ನೋಡಿದ, ಮೊಬೈಲ್‌ನಲ್ಲಿ ಒಂದು ಪಿಡಿಎಫ್ ತೆಗೆದು ನೋಡಿದ, "ರ‍್ಯಾಮ್ ಸರ್" ಅಂದ. ಅಂದರೆ ಕಂಪ್ಯೂಟರಿನ ಮೆಮೊರಿ. ಹಿಂಬದಿ ಬಿಚ್ಚಿ, ರ‍್ಯಾಮ್ ಕಡ್ಡಿ ತೆಗೆದು, ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಅದರ ಚಿನ್ನದ ಬಣ್ಣದ ಪಟ್ಟಿ ಉಜ್ಜಿ ವಾಪಸ್ ಹಾಕಿದ. ಆನ್ ಆಯಿತು. ಪಿಡಿಎಫ್ ಎಲ್ಲಿ ಸಿಕ್ಕಿತಪ್ಪ ಅಂದರೆ ಯಾವುದೋ ಟೆಲಿಗ್ರಾಂ ಗುಂಪಂತೆ, ದುಡ್ಡು ಕೊಟ್ಟು ಸೇರಬೇಕಂತೆ. ಪುಟಪುಟಕ್ಕೂ "ಕಾನ್ಫಿಡೆನ್ಶಿಯಲ್" ಅಂತ ಅಚ್ಚಾಗಿತ್ತು. ಏನು ಗುಟ್ಟೋ! ಊರಿಗೆಲ್ಲ ಗೊತ್ತು, ಮಾಲೀಕನಿಗೆ ಮಾತ್ರ ಗೊತ್ತಿಲ್ಲ.

ಮೊದಲು ಹೀಗಿರಲಿಲ್ಲ ಕಣ್ರೀ. ಆಪಲ್ 2 ಕಂಪ್ಯೂಟರಿಗೆ 1978ರಲ್ಲಿ ಬಂದ ಕೆಂಪು ರಟ್ಟಿನ ಪುಸ್ತಕದಲ್ಲಿ ಸರ್ಕ್ಯೂಟ್ ನಕ್ಷೆಯೂ ಇತ್ತು, ಮಾನಿಟರ್ ಅನ್ನುವ ಒಳಗಿನ ಮೂಲ ಪ್ರೋಗ್ರಾಮಿನ ಸಾಲುಗಳೂ ಇದ್ದವು. 1981ರ ಐಬಿಎಂ ಪಿಸಿಗೆ ಟೆಕ್ನಿಕಲ್ ರೆಫರೆನ್ಸ್ ಅಂತ ಪುಸ್ತಕ ಬಂತು. ಅದಕ್ಕೆ ಬೇರೆ ದುಡ್ಡು ಕೊಡಬೇಕಿತ್ತು, ನಿಜ. ಆದರೆ ಯಂತ್ರ ಆನ್ ಆದಾಗ ಮೊದಲು ಓಡುವ ಬಯೋಸ್‌ನ ಪೂರ್ತಿ ಪ್ರೋಗ್ರಾಮನ್ನೇ ಅದರಲ್ಲಿ ಅಚ್ಚು ಹಾಕಿದ್ದರು. ಯಾರ್‍ಯಾರೋ ಅದಕ್ಕೆ ಕಾರ್ಡು, ಬಿಡಿಭಾಗ ಮಾಡಿ ಮಾರಿದ್ದಕ್ಕೇ ಅಲ್ವಾ ಪಿಸಿ ಅಷ್ಟು ಹರಡಿದ್ದು? ಅಷ್ಟು ಹಿಂದೆ ಯಾಕೆ, ಲೆನೊವೊ ಕಂಪನಿಯ ಲ್ಯಾಪ್‌ಟಾಪ್ ಥಿಂಕ್‌ಪ್ಯಾಡ್‌ನ ಹಾರ್ಡ್‌ವೇರ್ ಮೇಂಟೆನೆನ್ಸ್ ಮ್ಯಾನುಯಲ್ ಇವತ್ತಿಗೂ ಪುಕ್ಕಟೆ ಸಿಗುತ್ತದೆ. ಯಾವ ಭಾಗ ಯಾವ ಕ್ರಮದಲ್ಲಿ ಬಿಚ್ಚಬೇಕು, ಎಲ್ಲಿ ಎಂಥ ಸ್ಕ್ರೂ, ಎಲ್ಲ ಚಿತ್ರ ಸಮೇತ. ಅದರಿಂದ ಅವರೇನೂ ಮುಳುಗಿಹೋಗಿಲ್ಲ.

ಕೇಳಿದರೆ ನೆಪ ಏನು? "ನಿಮ್ಮ ಸುರಕ್ಷತೆಗಾಗಿ." ಲಿಥಿಯಂ ಬ್ಯಾಟರಿಗೆ ಚುಚ್ಚಿದರೆ ಬೆಂಕಿ ಹತ್ತುತ್ತದೆ, ಒಪ್ಪಿದೆ. ಹಾಗಾದರೆ ಅದನ್ನೇ ದಪ್ಪ ಅಕ್ಷರದಲ್ಲಿ ಬರೆಯಿರಿ. ಬ್ಯಾಟರಿ ಎಲ್ಲಿದೆ ಅಂತಲೇ ಗೊತ್ತಿಲ್ಲದೆ ಅಡುಗೆಮನೆ ಚಾಕು ತೂರಿಸಿ ಹಿಂಬದಿ ಎಬ್ಬುವವನಿಗೆ ಅಪಾಯ ಜಾಸ್ತಿಯೋ, ಚಿತ್ರ ನೋಡಿ ಬಿಚ್ಚುವವನಿಗೋ?

ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿಯ ಮಾಹಿತಿ ಒಂದೇ ಕಡೆ ಸಿಗಲಿ ಅಂತ ರೈಟ್ ಟು ರಿಪೇರ್ (ರಿಪೇರಿಯ ಹಕ್ಕು) ಪೋರ್ಟಲ್ ಅನ್ನುವ ವೆಬ್‌ಸೈಟ್ ಶುರು ಮಾಡಿತು. ಒಳ್ಳೆಯ ಕೆಲಸವೇ. ಆದರೆ ಕಂಪನಿಯವರು ಮ್ಯಾನುಯಲ್ಲೇ ಹೊರಗೆ ಬಿಡದಿದ್ದರೆ ಪೋರ್ಟಲ್ಲಿಗೆ ಏನು ಹಾಕುವುದು?

ಬೋರ್ಡಿನ ನಕ್ಷೆ ಕೊಡಲ್ಲ ಅಂದರೆ ಅದರ ಜಗಳ ಆಮೇಲೆ ಆಡೋಣ. ಮೊದಲು ಆ ದೀಪದ ಪಟ್ಟಿ ಕೊಡಿ. ಬಿಚ್ಚುವ ಕ್ರಮ ಕೊಡಿ, ಎಷ್ಟು ಜಿಬಿ ರ‍್ಯಾಮ್ ಹಿಡಿಸುತ್ತದೆ ಹೇಳಿ. ಎಲ್ಲ ಸೇರಿ ಒಂದು ಪಿಡಿಎಫ್. ಬರೆದು ಮುಗಿಸಿದ್ದೀರಿ, ನಿಮ್ಮ ಸೆಂಟರ್‌ಗಳಿಗೆ ಹಂಚಿದ್ದೂ ಆಗಿದೆ. ನಮಗೂ ಕಾಣುವ ಹಾಗೆ ಇಡೋಕೆ ಏನು ರೋಗ?